ಮೂರು ಎಂಟಾಗಿತ್ತು

ಮೇ ತಿಂಗಳು. ಮದುವೆಗಳ ತಿಂಗಳು.
ಸಾಗರ ರಸ್ತೆಯ ನನ್ನ ತಗಡಿನ ಶೆಡ್ಡಿಗೆ
ಊರ ನಾಯಿಗಳೆಲ್ಲ ಹಾಸಿಗೆ ಸಮೇತ ಬರುವ ತಿಂಗಳು.
ಗೌರಿಗೆ ಮಲಗಲು ಟೀಚರ ಹಳೇ ನೈಟಿ ಬೇಕು,
ಮಿಠಾಯಿಗೆ ಮೊಟ್ಟೆಯಿಲ್ಲದೆ ಅನ್ನ ಇಳಿಯದು,
ಕ್ಯಾಪ್ಟನ್‌ಗೆ ಗುಡುಗೆಂದರೆ ಜೀವ ಹೋಗುತ್ತೆ,
ರೇಡಿಯೋ ಹಚ್ಚಿಡಿ ಜೆಸಿಂತಕ್ಕ.
ಎಲ್ಲ ಬರೆದುಕೊಳ್ಳುತ್ತೇನೆ.
ಹದಿಮೂರು ಗೂಡು, ಒಂದು ರಿಜಿಸ್ಟರು.

ರಾತ್ರಿ ಹತ್ತೂಕಾಲಿಗೆ ಹುಚ್ಚರಾಯಪ್ಪ ಬಂದ,
ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇಟ್ಟವನು,
ಬೆರಳ ಸಂದಿಯ ಕರಿ ಎಣ್ಣೆ ಹಾಗೇ ಇತ್ತು.
ಹಗ್ಗದ ತುದಿಗೆ ಬೋಲ್ಟು.
ಕಂದು ಮೈ, ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು.
ನಾಳೆ ಮಣಿಪಾಲದಲ್ಲಿ ಹೆಂಡತಿಗೆ ಆಪರೇಷನ್ನು;
ಬಾಡಿಗೆ ಓಮ್ನಿ ಇಂಜಿನ್ ಆರಿಸದೆ ಗೇಟಿನಾಚೆ ನಿಂತಿತ್ತು,
ಒಳಗೆ ಅವಳು ಬಾಗಿಲಿಗೆ ತಲೆಯಾನಿಸಿ.

ಲಸಿಕೆ ಚೀಟಿ ನೋಡಿದೆ.
ಮುಂದಿನ ಸೂಜಿಯ ತಿಂಗಳು ಎಂಟು.
ಎಂಟರ ಎಡಹೊಟ್ಟೆ ಬೇರೆ ಶಾಯಿಯದು.
ಮೂರನ್ನು ಮುಚ್ಚಲು ಹೆಚ್ಚೇನು ಬೇಕು,
ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಒಂದು ಗೆರೆ.
ಅವನು ನನ್ನ ಮುಖ ನೋಡಲಿಲ್ಲ.
ನಾನು, ನಾಲ್ಕನೇ ಗೂಡು, ಎಂದೆ.

ಮೂರನೇ ರಾತ್ರಿ ಬೋಲ್ಟು ಕೆಮ್ಮಿತು.
ಕೆಮ್ಮೆನ್ನಲೂ ಆಗದು. ಕತ್ತು ಚಾಚಿ
ಏನನ್ನೋ ಕಕ್ಕಲು ಹೆಣಗಿದ ಹಾಗೆ,
ಎಷ್ಟು ತುಳಿದರೂ ಹತ್ತದ ಹಳೇ ಲೂನಾದ ಹಾಗೆ.
ಮೂಳೆ ಸಿಕ್ಕಿದೆಯೆಂದು ದವಡೆ ಅಗಲಿಸಿ
ಬೆರಳಿಟ್ಟು ತಡಕಿದೆ. ಬಿಸಿ. ಜೊಲ್ಲು.
ಕೈಯನ್ನು ಸೆರಗಿಗೆ ಒರೆಸಿಕೊಂಡೆ
(ಇದು ರಿಜಿಸ್ಟರಿನಲ್ಲಿ ಇಲ್ಲ)
ಅದೇ ಕೈಯಲ್ಲಿ ಮಿಠಾಯಿಯ ಮೂತಿ ಸವರಿದೆ,
ಕ್ಯಾಪ್ಟನ್‌ನ ನೀರು ಬದಲಿಸಿದೆ,
ಒಂಬತ್ತನೇ ಗೂಡಿನ ಗೌರಿಗೆ,
ಹದಿನಾಲ್ಕು ವರ್ಷದ, ಹಲ್ಲಿಲ್ಲದ ಗೌರಿಗೆ
ಮೊಸರನ್ನ ಕಲಸಿ ತುತ್ತಿಟ್ಟೆ.

ವಾರದೊಳಗೆ ಐದು, ಆರು. ಆಮೇಲೆ ಹನ್ನೆರಡು.
ಹನ್ನೆರಡು ಯಾಕೆಂದು ಇಡೀ ರಾತ್ರಿ ಲೆಕ್ಕ ಹಾಕಿದೆ.
ಬೆಳಿಗ್ಗೆ ಹೊಳೆಯಿತು: ಪೊರಕೆ.
ತಾಳಗುಪ್ಪದ ರೈಲು ಕೂಗಿದರೆ
ಎಲ್ಲ ಒಟ್ಟಿಗೆ ಊಳಿಡುತ್ತಿದ್ದವು;
ಈಗ ಊಳು ನಡುವೆಯೇ ಮುರಿದು ಕೆಮ್ಮಾಗುತ್ತದೆ,
ಸಾಲಿನ ಈ ತುದಿಯಿಂದ ಆ ತುದಿಗೆ,
ಕತ್ತಲಲ್ಲಿ ಯಾರೋ ಸರಳುಗಳ ಮೇಲೆ
ಕೋಲು ಎಳೆದುಕೊಂಡು ಹೋದ ಹಾಗೆ.

ಡಾಕ್ಟರು ಬಂದರು. ಗೂಡಿಗೊಂದು ತಟ್ಟೆ, ಗೂಡಿಗೊಂದು ಬಟ್ಟೆ,
ಬ್ಲೀಚಿಂಗ್ ಪುಡಿ, ಗೂಡು ಗೂಡಿಗೂ ಕೈ ತೊಳೀರಿ.
ಚಿಕ್ಕವಕ್ಕೆ ಹತ್ತು ದಿನ, ತಾನೇ ಹೋಗುತ್ತೆ.
ಗೌರಿಯ ಎದೆಗೆ ಕೊಳವೆಯಿಟ್ಟು
ಬಹಳ ಹೊತ್ತು ಕೇಳಿದರು. ಏನೂ ಹೇಳಲಿಲ್ಲ.

ಎಲ್ಲರಿಗೂ ಫೋನು ಮಾಡಿದೆ.
ಒಬ್ಬರು ಓಲಗದ ಸದ್ದಿನಲ್ಲಿ ಏನು, ಏನು ಎಂದು
ಮೂರು ಸಲ ಹೇಳಿಸಿದರು. ಒಬ್ಬರು ಅಡ್ವಾನ್ಸು ವಾಪಸು ಕೇಳಿದರು.
ಭಾಗೀರಥಿ ಟೀಚರು ಕೇಳಿದ್ದು ಒಂದೇ:
ಉಣ್ತಾಳಾ?
ಇವತ್ತು ಒಂಚೂರು, ಎಂದೆ.
ಸುಳ್ಳಲ್ಲ. ನನ್ನ ಬೆರಳು ನೆಕ್ಕಿದ್ದಳು.

ಭಾನುವಾರ ನಸುಕಿಗೆ ಒಂಬತ್ತರಲ್ಲಿ ಸದ್ದು ನಿಂತಿತು.
ಉಳಿದವು ಕೆಮ್ಮುತ್ತಲೇ ಇದ್ದವು.

ಹುಚ್ಚರಾಯಪ್ಪ ಬರುವಾಗ ಬೋಲ್ಟು ಪೂರ್ತಿ ಹುಷಾರು.
ನನ್ನನ್ನು ಗೇಟಿನವರೆಗೆ ಎಳೆದುಕೊಂಡೇ ಓಡಿತು.
ಓಮ್ನಿಯಲ್ಲಿ ಅವಳು, ಹೊಟ್ಟೆಗೆ ದಿಂಬು ಒತ್ತಿಕೊಂಡು.
ಹತ್ತಿರ ಹೋದದ್ದೇ ನಿಧಾನವಾಯಿತು ನಾಯಿ.
ನೆಗೆಯಲಿಲ್ಲ. ಪಾದ ಮೂಸಿ, ಅಲ್ಲೇ ಕೂತಿತು.
ಅವಳು ನಕ್ಕರೆ ಹೊಲಿಗೆ ನೋಯುತ್ತದೆಂದು
ತುಟಿ ಕಚ್ಚಿಕೊಂಡು ನಕ್ಕಳು.

ಏನೂ ತೊಂದರೆ ಕೊಡಲಿಲ್ಲ ತಾನೇ? ಅಂದ.
ಚೀಟಿ ನನ್ನ ಕೈಯಲ್ಲೇ ಇತ್ತು.
ಇಲ್ಲ, ಎಂದೆ.
ಎಂಟನೇ ತಿಂಗಳವರೆಗೆ ಕಾಯಬೇಡ ಮಾರಾಯ,
ನಾಳೆಯೇ ಸೂಜಿ ಹಾಕಿಸು.
ಆಗ ಅವನು ನನ್ನ ಮುಖ ನೋಡಿದ.

ಟೀಚರ ಬಸ್ಸು ಸಂಜೆ ಆರಕ್ಕೆ.
ನೈಟಿ ಎರಡು ಸಲ ಒಗೆದು ಹರವಿದ್ದೆ,
ಮಧ್ಯಾಹ್ನ ಗುಡುಗಿ ನಾಲ್ಕು ಹನಿ ಬಿತ್ತು.
ಕ್ಯಾಪ್ಟನ್‌ಗೆ ರೇಡಿಯೋ ಹಚ್ಚಿ ಬಂದು ಮುಟ್ಟಿ ನೋಡಿದೆ.
ತೋಳಿನ ಹತ್ತಿರ ಇನ್ನೂ ಹಸಿ.